ಅನುಮೋದಕರಿಲ್ಲ

ನಮ್ಮಕ್ಕ ಇಪ್ಪತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಬೇರೆಯವರು ಗಂಟೆಗಟ್ಟಲೆ ಆಡಿದ ಮಾತನ್ನ ಕೇಳಿಸಿಕೊಂಡು, ಅದರಲ್ಲಿ ಹುರುಳಿದ್ದಷ್ಟನ್ನ ಎರಡು ಸಾಲಿನಲ್ಲಿ ಬರೆದಿಡೋದು. ಬಿಷಪ್ಪರ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದವಳು. ನಮ್ಮ ಪ್ರಾಂತ್ಯದ ಆಂಗ್ಲಿಕನ್ ಚರ್ಚುಗಳೆಲ್ಲ ವರ್ಷಕ್ಕೊಂದು ಸಲ ಎರಡು ದಿನ ಮಹಾಸಭೆ ಸೇರುತ್ತವೆ. ಅರವತ್ತು ಚಿಲ್ಲರೆ ಚರ್ಚುಗಳಿಂದ ಪಾದ್ರಿಗಳು, ಜನರ ಪ್ರತಿನಿಧಿಗಳು ಬರ್ತಾರೆ. ಸೇವೆ ಎತ್ತ ಸಾಗಬೇಕು, ಯಾವ ಚರ್ಚಿಗೆ ಯಾವ ಪಾದ್ರಿ, ಯಾವ ನಿಯಮ ತಿದ್ದಬೇಕು, ಎಲ್ಲ ಅಲ್ಲೇ ತೀರ್ಮಾನ. ಆ ಸಭೆಯ ನಡಾವಳಿ ಬರೆಯೋಳು ಅಕ್ಕ. ವೇದಿಕೆಯ ಕೆಳಗೆ ಅವಳಿಗೊಂದು ಪುಟ್ಟ ಮೇಜು, ಒಂದು ಕುರ್ಚಿ. ಬರೆಯೋರಿಗೆ ಓಟಿಲ್ಲ, ಮಾತೂ ಇಲ್ಲ.

"ಆಗಿದ್ದನ್ನ ಬರೀಬೇಕು, ಆಡಿದ್ದನ್ನಲ್ಲ," ಅನ್ನೋದು ಅವಳ ನಿಯಮ. ಒಂದು ವರ್ಷ ಹಾಡುಗಾರರ ನಿಲುವಂಗಿ ಯಾವ ಬಣ್ಣದ್ದಿರಬೇಕು ಅಂತ ಇಬ್ಬರು ಪಾದ್ರಿಗಳು ಮುಕ್ಕಾಲು ಗಂಟೆ ಜಗಳ ಆಡಿದರು. ಕೊರಳಪಟ್ಟಿ ಹಿಡಿಯೋದೊಂದು ಬಾಕಿ. ಅಕ್ಕ ಬರೆದದ್ದು ಇಷ್ಟು: "ನಿಲುವಂಗಿಯ ಬಗ್ಗೆ ಚರ್ಚೆಯಾಯಿತು. ಮುಂದಿನ ಸಭೆಗೆ ಇಡಲಾಯಿತು." ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವಳು ಮಾತ್ರ ನಗಲಿಲ್ಲ, ಅದರಲ್ಲಿ ನಗೋದೇನಿದೆ ಅಂದಳು.

ನಾನು ಅವಳ ತದ್ವಿರುದ್ಧ. ಹೊಲಿಗೆ ಅಂಗಡಿ ಇಟ್ಟವಳು. ಇವಳ ಕತ್ತರಿಗಿಂತ ನಾಲಿಗೆಯೇ ಹರಿತ ಅಂತ ಗಿರಾಕಿಗಳು ನನ್ನೆದುರಿಗೇ ಹೇಳ್ತಾರೆ. ಹೇಳಲಿ, ಬಟ್ಟೆ ಮಾತ್ರ ನನ್ನ ಹತ್ರಾನೇ ತರ್ತಾರೆ.

ನಮ್ಮ ಚರ್ಚು ಬಸ್ ಡಿಪೋ ಹಿಂದೆ ಇತ್ತು. ಚಿಕ್ಕದು. ಭಾನುವಾರ ಆರಾಧನೆಗೆ ಹನ್ನೊಂದು ಜನ ಬರ್ತಿದ್ದೆವು, ಹನ್ನೊಂದನೆಯವರು ನಿದ್ದೆ ಮಾಡೋಕೆ ಬರೋರು. ಬೀಗದ ಕೈ ನಮ್ಮ ಭಾವನ ಹತ್ರ ಇರ್ತಿತ್ತು. ಭಾವ ನಲ್ಲಿ ರಿಪೇರಿ ಮಾಡೋರು. ಊರಿನವರ ನಲ್ಲಿಗಳೆಲ್ಲ ಅವರ ಕೈಯಲ್ಲಿ ನೆಟ್ಟಗಾದವು, ಅವರ ಮನೆ ಬಚ್ಚಲಿನ ನಲ್ಲಿ ಹನ್ನೆರಡು ವರ್ಷ ತೊಟ್ಟಿಕ್ಕುತ್ತಲೇ ಇತ್ತು. ಹೋದ ವರ್ಷ ಒಂದು ಬೆಳಿಗ್ಗೆ ಯಾರದೋ ಮನೆ ನೀರಿನ ಟ್ಯಾಂಕು ಹತ್ತಿ ಇಳಿದವರು, ಸುಸ್ತಾಗ್ತಿದೆ ಅಂತ ಮೆಟ್ಟಿಲ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ. ಚರ್ಚಿನ ಅಂಗಳದಲ್ಲೇ, ಗೋಡೆ ಪಕ್ಕ ಮಣ್ಣು ಮಾಡಿದೆವು.

ನಾಲ್ಕನೇ ದಿನ ಅಕ್ಕ ಕಚೇರಿಗೆ ಹೋದಳು. ಅತ್ತಿರಲಿಲ್ಲ. "ಒಂದ್ಸಲ ಅತ್ತುಬಿಡು ಅಕ್ಕ, ಎದೆ ಹಗುರಾಗುತ್ತೆ," ಅಂದೆ. "ಬಂದಾಗ ಅಳ್ತೀನಿ," ಅಂದಳು, ಬಸ್ಸು ಬಂದಾಗ ಹತ್ತುತ್ತೀನಿ ಅನ್ನೋ ಹಾಗೆ. ದಿನಾ ಸಂಜೆ ಕಚೇರಿ ಬಿಟ್ಟ ಮೇಲೆ ಚರ್ಚಿನ ಅಂಗಳಕ್ಕೆ ಹೋಗಿ ಕೂರೋಳು. ಪ್ರಾರ್ಥನೆ ಮಾಡ್ತೀಯಾ ಅಂತ ಕೇಳಿದೆ. ಇಲ್ಲ, ಸುಮ್ನೆ ಕೂರ್ತೀನಿ ಅಂದಳು. ಅರ್ಧ ಗಂಟೆ ಕೂತು, ಎದ್ದು, ಮನೆಗೆ ಹೋಗಿ ಅನ್ನಕ್ಕಿಡೋಳು. ಅವಳ ಮುಖ ನೋಡಿದರೆ ಯಾರೋ ದೀಪ ಆರಿಸಿ ಬಾಗಿಲು ಹಾಕ್ಕೊಂಡು ಹೋದ ಮನೆ ನೋಡಿದಂಗೆ ಆಗ್ತಿತ್ತು. ನನಗೂ ಬರಬರುತ್ತಾ ಹೇಳೋದು ಸಾಕಾಗಿತ್ತು.

ಈ ವರ್ಷ ಮಹಾಸಭೆಗೆ ನಮ್ಮ ಚರ್ಚಿನ ಪ್ರತಿನಿಧಿ ನಾನೇ. ಉಳಿದ ಹತ್ತು ಜನಕ್ಕೆ ಪುರುಸೊತ್ತಿರಲಿಲ್ಲ. ಸಭೆಗೆ ವಾರ ಇದೆ ಅನ್ನುವಾಗ ಕಾರ್ಯಸೂಚಿಯ ಲಕೋಟೆ ಬಂತು. ಮಿಷನ್ನಿಗೆ ತಳಪಾಯ ಹಾಕೋಣ, ಇದ್ದಲ್ಲೇ ಬೇರು ಬಿಡೋಣ ಅಂತೆಲ್ಲ ಮೊದಲ ನಾಲ್ಕು ಪುಟ. ಒಂಬತ್ತನೇ ವಿಷಯ ಓದಿದೆ. ಬಸ್ ಡಿಪೋ ಹಿಂದಿನ ಚರ್ಚನ್ನ ಮುಚ್ಚಿ, ಜನರನ್ನ ದೊಡ್ಡ ರಸ್ತೆಯ ಚರ್ಚಿಗೆ ಸೇರಿಸೋದು. ಕಟ್ಟಡ, ಅಂಗಳ ಬೇರೆ ಉಪಯೋಗಕ್ಕೆ. ಅಂಗಳದಲ್ಲಿರುವ ಹತ್ತೊಂಬತ್ತು ಸಮಾಧಿಗಳನ್ನ ಊರಾಚೆಯ ಸಾರ್ವಜನಿಕ ಸ್ಮಶಾನಕ್ಕೆ ಸಾಗಿಸೋದು.

ಹೊಲಿಗೆ ಮಿಷನ್ನಿನಲ್ಲಿದ್ದ ರವಿಕೆಯನ್ನ ಅಲ್ಲೇ ಬಿಟ್ಟು ಅಕ್ಕನ ಮನೆಗೆ ಓಡಿದೆ.

"ಇದನ್ನ ಯಾರು ಟೈಪ್ ಮಾಡಿದ್ದು?"

"ನಾನೇ."

"ಯಾವಾಗ?"

"ಮೂರು ವಾರ ಆಯ್ತು."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಕಚೇರಿ ಕಾಗದ. ಹೊರಗೆ ಹೇಳೋ ಹಾಗಿಲ್ಲ."

"ಅಲ್ಲಿ ಮಲಗಿರೋದು ನಿನ್ನ ಗಂಡ ಕಣಕ್ಕಾ!"

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಲಿಲ್ಲ. "ಹದಿನೆಂಟು ಸಮಾಧಿ ಅಂತ ಬರೆದುಕೊಟ್ಟಿದ್ರು," ಅಂದಳು. "ಹಳೇ ಲೆಕ್ಕ. ಹತ್ತೊಂಬತ್ತು ಅಂತ ನಾನೇ ತಿದ್ದಿದೆ."

ಸೇರಿಸಿದ ಆ ಒಂದು ಭಾವನದು.

ಆಮೇಲೆ ಅವಳೇ, ಬಟ್ಟೆ ಮಡಚಿ ಮುಗಿಸಿ, ನನಗೆ ದಾರಿ ಹೇಳಿಕೊಟ್ಟಳು. ಠರಾವಿಗೆ ಒಂದು ತಿದ್ದುಪಡಿ ತರಬಹುದು. ಒಂದು ವರ್ಷ ತಡೆಯಿರಿ, ಅಷ್ಟರಲ್ಲಿ ಸಮಾಧಿಗಳನ್ನ ಅಲ್ಲೇ ಬಿಟ್ಟು ಬೇರೇನು ಮಾಡಬಹುದು ನೋಡೋಣ ಅಂತ. "ಸೂಚಕರು ನೀನು. ಎದ್ದು ನಿಂತು ಓದಬೇಕು. ಅನುಮೋದಕರು ಅಂತ ಇನ್ನೊಬ್ಬರು ಎದ್ದು ನಿಲ್ಲಬೇಕು. ಯಾರೂ ನಿಲ್ಲದಿದ್ರೆ ಚರ್ಚೆಗೇ ಬರಲ್ಲ, ಅಲ್ಲೇ ಬಿದ್ದುಹೋಗುತ್ತೆ."

"ನೀನೇ ನಿಂತ್ಕೋ."

"ನನಗೆ ಹಕ್ಕಿಲ್ಲ."

ಸರಿ, ದೊಡ್ಡ ರಸ್ತೆ ಚರ್ಚಿನ ಪ್ರತಿನಿಧಿ ಮೇಷ್ಟ್ರನ್ನ ಹಿಡಿದೆ. ನಿವೃತ್ತರು, ಒಳ್ಳೇ ಮನುಷ್ಯ. ಭಾವ ಅವರ ಮನೆ ಪೈಪೆಲ್ಲ ಹಾಕಿಕೊಟ್ಟವರು. "ನೀವು ಎದ್ದೇಳಿಯಮ್ಮ, ನಿಮ್ಮ ಹಿಂದೇನೇ ನಾನು," ಅಂದರು. ಮಹಾಸಭೆಯ ಬೆಳಿಗ್ಗೆ ಟೀ ಕುಡಿಯುವಾಗ ಮತ್ತೆ ಕೇಳಿದೆ. "ಎಷ್ಟು ಸಲ ಕೇಳ್ತೀರಿ, ಕೊಟ್ಟ ಮಾತು ಕೊಟ್ಟಿದ್ದೇ," ಅಂತ ನಕ್ಕರು.

ಸಭೆ ನಡೆದದ್ದು ಒಂದು ಶಾಲೆಯ ಹಾಲಿನಲ್ಲಿ. ನೆಲದ ಮೇಲೆ ಮಕ್ಕಳ ಆಟಕ್ಕೆ ಬಳಿದ ಹಳದಿ ಗೆರೆಗಳು. ಆ ಗೆರೆಯ ಬಲಕ್ಕೆ ಪಾದ್ರಿಗಳು, ಎಡಕ್ಕೆ ನಾವು, ಮುಖಕ್ಕೆ ಮುಖ. ಒಟ್ಟು ನೂರ ಎಪ್ಪತ್ತು ಜನ ಇದ್ದೆವು. ಅಧ್ಯಕ್ಷತೆ ಬಿಷಪ್ಪರದು, ಮೆತ್ತನೆ ದನಿಯವರು. ಬೈದರೂ ಹರಸಿದಂಗೇ ಕೇಳಿಸೋದು. ಯುವ ಪಾದ್ರಿಯೊಬ್ಬರು ಪರದೆ ಮೇಲೆ ಏರಿಳಿಯೋ ಗೆರೆಗಳನ್ನ ತೋರಿಸಿ, ಕೆಳಗೆ ಹೋಗ್ತಿರೋದೆಲ್ಲ ಏಕೆ ಕೆಳಗೆ ಹೋಗ್ತಿದೆ ಅಂತ ವಿವರಿಸಿದರು. ನಮ್ಮ ಚರ್ಚಿನ ಗೆರೆ ಎಷ್ಟು ಕೆಳಗಿತ್ತು ಅಂದರೆ, ಮುಂದೆ ಕೂತವರ ತಲೆ ಅಡ್ಡ ಬಂದು ನನಗೆ ಕಾಣಲೇ ಇಲ್ಲ.

ಒಂಬತ್ತನೇ ವಿಷಯ ಊಟಕ್ಕೆ ಸ್ವಲ್ಪ ಮುಂಚೆ ಬಂತು. ನಾನು ಎದ್ದೆ. ಅಕ್ಕ ಬರೆದುಕೊಟ್ಟಂತೆ ತಿದ್ದುಪಡಿ ಓದಿದೆ. ಮೂರು ನಿಮಿಷ ಮಾತಾಡೋಕೆ ಬಿಟ್ಟರು. ಹನ್ನೊಂದು ಜನ ಅಂತ ನಗಬೇಡಿ, ಹನ್ನೊಂದು ಜನ ಬದುಕಿರೋರು, ಹತ್ತೊಂಬತ್ತು ಜನ ಸತ್ತಿರೋರು, ಒಟ್ಟು ಮೂವತ್ತು ಅಂದೆ. ಕೆಲವರು ನಕ್ಕರು. ಪ್ರೀತಿಯಿಂದಲೇ ನಕ್ಕರು ಅನ್ನಿ. ಕೂತೆ.

"ಅನುಮೋದಕರು?" ಅಂದರು ಬಿಷಪ್ಪರು.

ನನ್ನ ಹಿಂದೆ ಕುರ್ಚಿ ಸರಿಯೋ ಶಬ್ದಕ್ಕೆ ಕಾದೆ. ತಿರುಗಿ ನೋಡಿದರೆ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

"ತಿದ್ದುಪಡಿಗೆ ಅನುಮೋದಕರು ಯಾರಾದರೂ ಇದ್ದೀರಾ?" ಎರಡನೇ ಸಲ.

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋರು ಯಾರು? ಮುಂದಿನ ವರ್ಷ ಮುಚ್ಚೋ ಪಟ್ಟಿಯಲ್ಲಿ ಯಾರ ಚರ್ಚಿದೆಯೋ ಯಾರಿಗೆ ಗೊತ್ತು. ಎಲ್ಲರೂ ತಮ್ಮ ತಮ್ಮ ಕಾಗದ ನೋಡ್ತಿದ್ದರು. ಮೇಷ್ಟ್ರು ಇನ್ನೊಂದು ಗಾಜು ಒರೆಸಲು ಶುರು ಮಾಡಿದರು. ನಾನು ಅಕ್ಕನ ಕಡೆ ನೋಡಿದೆ. ಪೆನ್ನು ಹಾಳೆಯಿಂದ ಒಂದು ಬೆರಳಷ್ಟು ಮೇಲೆ ನಿಂತಿತ್ತು. ಅವಳೂ ನನ್ನನ್ನೇ ನೋಡ್ತಿದ್ದಳು. ಮೂರನೇ ಸಲ ಕೇಳಿದರು. ಅಕ್ಕ ತಲೆ ತಗ್ಗಿಸಿದಳು.

ತಿದ್ದುಪಡಿ ಬಿತ್ತು. ಠರಾವು ಎರಡೂ ಕಡೆಯಿಂದ ಕೈ ಎತ್ತಿ ಪಾಸಾಯಿತು. ನನಗೆ ಸಿಟ್ಟು ಬರಬೇಕಿತ್ತು. ಸಣ್ಣ ಪುಟ್ಟದ್ದಕ್ಕೆಲ್ಲ ಉರಿದುಬೀಳೋಳು ನಾನು, ಅವತ್ತು ಏನೂ ಬರಲಿಲ್ಲ. ಊಟದ ಸಾಲಿನಲ್ಲಿ ಮೇಷ್ಟ್ರು ಹತ್ತಿರ ಬಂದು, "ನಮ್ಮ ಪಾದ್ರಿಗಳು ಎದುರಿಗೇ ಕೂತಿದ್ರಮ್ಮ, ನನ್ನನ್ನೇ ನೋಡ್ತಿದ್ರು..." ಅಂದರು. "ಊಟ ಆರುತ್ತೆ, ಹೋಗಿ ಮೇಷ್ಟ್ರೇ," ಅಂದೆ. ಅಷ್ಟೇ ಬಂದದ್ದು ಬಾಯಿಗೆ. ನಾನೂ ತಟ್ಟೆ ಹಿಡಿದು ಊಟ ಮಾಡಿದೆ, ಎರಡನೇ ಸಲ ಬಡಿಸಿಕೊಂಡೆ ಕೂಡ.

ಎರಡನೇ ದಿನದ ಮೊದಲ ಕೆಲಸ, ಹಿಂದಿನ ದಿನದ ನಡಾವಳಿಯನ್ನ ಓದಿ ಸಭೆಯ ಒಪ್ಪಿಗೆ ಪಡೆಯೋದು. ವರ್ಷಕ್ಕೆ ಅದೊಂದೇ ಸಲ ಆ ಹಾಲಿನಲ್ಲಿ ಅಕ್ಕನ ದನಿ ಕೇಳೋದು. ಯಾರೂ ಕಿವಿಗೊಡಲ್ಲ. ಆಕಳಿಸ್ತಾರೆ, ಪಕ್ಕದವರ ಮೊಮ್ಮಕ್ಕಳ ವಿಚಾರ ಕೇಳ್ತಾರೆ. ಅಕ್ಕ ಏರಿಳಿತ ಇಲ್ಲದೆ ಓದುತ್ತಾ ಹೋದಳು. ಒಂದು, ಎರಡು, ಹೀಗೆ ಎಂಟರವರೆಗೆ ಮುಗಿಯಿತು.

"ವಿಷಯ ಒಂಬತ್ತು. ಠರಾವಿಗೆ ಒಂದು ತಿದ್ದುಪಡಿ ಮಂಡಿಸಲಾಯಿತು. ಅಧ್ಯಕ್ಷರು ಅನುಮೋದಕರನ್ನು ಮೂರು ಸಲ ಕೇಳಿದರು. ನೂರ ಎಪ್ಪತ್ತು ಜನರಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ನಡಾವಳಿ ಬರೆಯುವವಳ ಗಂಡನ ಸಮಾಧಿ ಆ ಅಂಗಳದಲ್ಲಿದೆ. ಅವಳೂ ಎದ್ದು ನಿಲ್ಲಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ವಿಷಯ ಹತ್ತು..."

ಹತ್ತನ್ನ ಓದಿ ಮುಗಿಸೋಕೆ ಆಗಲಿಲ್ಲ. ಹಾಲೆಲ್ಲ ಗುಜುಗುಜು ಎದ್ದಿತು. ಬಿಷಪ್ಪರ ಮುಖ ಕೆಂಪಾಗಿತ್ತು. ಪಾಪ, ಭಾವನ ಸಮಾಧಿ ಅಲ್ಲಿರೋದು ಅವರಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತೆ. ಗೊತ್ತಿದ್ದರೆ ಏನು ಮಾಡ್ತಿದ್ದರೋ, ದೇವರಿಗೇ ಗೊತ್ತು.

ಕಾರ್ಯದರ್ಶಿ ಎದ್ದರು. ಪಾದ್ರಿಗಳ ಪೈಕಿ ಹಿರಿಯರು, ನಿಯಮದ ಪುಸ್ತಕ ಬಾಯಿಪಾಠ. "ನಡಾವಳಿಯಲ್ಲಿ ಸ್ವಂತ ವಿಚಾರ ಬರಬಾರದು. 'ಅಧ್ಯಕ್ಷರು' ಅನ್ನೋದರಿಂದ 'ಅವಳೂ ಎದ್ದು ನಿಲ್ಲಲಿಲ್ಲ' ಅನ್ನೋವರೆಗೆ ತೆಗೆದು, 'ಅನುಮೋದಕರಿಲ್ಲ' ಅಂತಷ್ಟೇ ಬರೀಬೇಕು ಅಂತ ಸೂಚಿಸ್ತೀನಿ."

"ಅನುಮೋದಕರು?" ಅಂದರು ಬಿಷಪ್ಪರು. ದನಿ ಇನ್ನೂ ಸಣ್ಣಗಾಗಿತ್ತು.

ಕುರ್ಚಿಗಳು ಸರಿದ ಸದ್ದು ಹೇಳತೀರದು. ಹದಿನೈದೋ ಹದಿನಾರೋ ಜನ ಒಟ್ಟಿಗೆ ಎದ್ದಿದ್ದರು. ಎಲ್ಲರಿಗಿಂತ ಮುಂಚೆ ಎದ್ದವರು ಮೇಷ್ಟ್ರು. ಕಣ್ಣಲ್ಲಿ ನೀರಿತ್ತು ಅವರಿಗೆ. ಒಪ್ಪೋರು ಕೈ ಎತ್ತಿ ಅಂದಾಗ ಹಾಲಿನ ತುಂಬ ಕೈಗಳು.

ನಾನೂ ಕೈ ಎತ್ತಿದೆ. ಸುಳ್ಳು ಹೇಳಿ ಏನು ಮಾಡ್ಲಿ? ನೂರ ಎಪ್ಪತ್ತು ಜನರನ್ನ ಅವಳು ಬೈಯಲಿ, ಬರೆದು ಕೊಚ್ಚಿ ಹಾಕಲಿ, ನನಗೆ ಸಂತೋಷವೇ. ಆದರೆ ತನ್ನ ಮೇಲೆ ತಾನೇ ಹಾಗೆ ಬರೆದುಕೊಂಡದ್ದು, ಅದು ವರ್ಷಾನುಗಟ್ಟಲೆ ಬಿಷಪ್ಪರ ಕಚೇರಿಯ ಬೀರುವಿನಲ್ಲಿ ಇರೋದು, ನನ್ನಿಂದ ತಡೆಯೋಕೆ ಆಗಲಿಲ್ಲ.

ಕೈ ಎಣಿಸೋ ಕೆಲಸವೂ ಅಕ್ಕನದ್ದೇ. ಪೆನ್ನಿನ ತುದಿಯಿಂದ ಸಾಲು ಸಾಲಾಗಿ ಎಣಿಸುತ್ತಾ ಬಂದಳು. ನನ್ನ ಹತ್ರ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಮುಂದಕ್ಕೆ ಹೋಯಿತು. "ನೂರ ಅರವತ್ತೆರಡು," ಅಂತ ಹೇಳಿ, ಸ್ಕೇಲು ಇಟ್ಟು ಆ ಸಾಲುಗಳ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಸಹಿ ಹಾಕಿ ಹತ್ತನೇ ವಿಷಯ ಓದಿದಳು.

ಸಂಜೆ ಬಸ್ ನಿಲ್ದಾಣದಲ್ಲಿ ಇಬ್ಬರೇ ಇದ್ದೆವು.

"ನೀನೂ ಕೈ ಎತ್ತಿದೆ," ಅಂದಳು.

"ನಿನ್ನನ್ನ ನೀನೇ ಬೈಕೊಂಡಿದ್ದೆ ಅಕ್ಕ. ನೀನೇನು ತಪ್ಪು ಮಾಡಿದ್ದೆ ಹೇಳು? ನಿನಗೆ ಹಕ್ಕೇ ಇರ್ಲಿಲ್ಲ!"

"ಬೈಕೊಂಡಿದ್ದಲ್ಲ. ಆಗಿದ್ದು ಅದು. ಹಕ್ಕಿಲ್ಲದೇ ಎದ್ದಿದ್ರೆ ಏನ್ ಮಾಡ್ತಿದ್ರು? ಕೂತ್ಕೋ ಅಂತಿದ್ರು. ಅಷ್ಟೇ ತಾನೇ? ನಿನ್ನ ಭಾವನ್ನ ಅಲ್ಲಿಂದ ಎತ್ತುತ್ತೀವಿ ಅಂದಾಗ ನಾನು ಕೂತೇ ಇದ್ದೆ. ಅದೊಂದು ಕಡೆಯಾದ್ರೂ ಬರೆದಿರಲಿ ಅಂತಿತ್ತು."

ಆಗಲೂ ಅಳಲಿಲ್ಲ ಅವಳು. ನಾನು ಅತ್ತೆ. ಬಸ್ಸು ಬಂತು, ಹತ್ತಿದೆವು.

ಎರಡು ತಿಂಗಳಿಗೆ ಸಮಾಧಿ ಸಾಗಿಸೋ ದಿನ ಗೊತ್ತಾಯಿತು. ಬಿಷಪ್ಪರೇ ಕಾಗದ ಬರೆದಿದ್ದರು, ನೀವು ಬರಲೇಬೇಕಂತಿಲ್ಲ, ಎಲ್ಲಾ ಗೌರವದಿಂದ ನಡೆಯುತ್ತೆ ಅಂತ. ಅಕ್ಕ ಬೆಳಿಗ್ಗೆ ಏಳಕ್ಕೇ ಹೋಗಿದ್ದಳು. ಅಗೆಯೋರು ನಾಲ್ಕು ಜನ, ನಗರಸಭೆಯವರೊಬ್ಬರು, ನಮ್ಮ ಪಾದ್ರಿ. ಬಿಸಿಲು ಏರಿತು. ಭಾವನದು ಮೂರನೆಯದು. ಅದು ಮುಗಿದ ಮೇಲೆ, "ಬಾ ಅಕ್ಕ, ಹೋಗೋಣ," ಅಂದೆ. ಇನ್ನೂ ಹದಿನಾರಿದೆ ಅಂದಳು. ಪಾದ್ರಿ ಒಳಗಿಂದ ಕುರ್ಚಿ ತಂದು ನೆರಳಲ್ಲಿ ಹಾಕಿದರು, ಕೂತ್ಕೊಳ್ಳಿ ತಾಯಿ ಅಂದರು. ನಾನೂ ಕೈ ಹಿಡಿದು ಜಗ್ಗಿದೆ. "ಕಾಲು ಬಾತುಕೊಳ್ಳುತ್ತೆ, ಒಂದೈದು ನಿಮಿಷ ಕೂತ್ಕೋ."

"ಬೇಡ," ಅಂದಳು.

ಹತ್ತೊಂಬತ್ತನೆಯದನ್ನ ಗಾಡಿಗೆ ಏರಿಸಿದಾಗ ಮಧ್ಯಾಹ್ನ ಮೂರೂಕಾಲು. ಅಲ್ಲಿವರೆಗೂ ಅಕ್ಕ ನಿಂತೇ ಇದ್ದಳು.