ಮಗ್ಗದ ಶೆಡ್ಡಿನ ತುಟಿಮಾತು

ಮಿಲ್ಲಿನ ಹಿಂದಿನ ಓಣಿಯಲ್ಲಿ ಜೋರಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಓಣಿಯ ಮೂಲೆಯಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿ ಕೊಟ್ಟರೆ ಸಾಕು. ಹಾಲಿನವನ ಹತ್ತಿರ ಬಿಸಿಲಿನ ವಿಷಯ ಮಾತಾಡುವಾಗಲೂ ಅವಳದು ಎಲ್ಲೋ ಬೆಂಕಿ ಬಿದ್ದಿದೆ ಎಂದು ಸಾರುವವರ ಗಂಟಲು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರೋ ಬುದ್ಧಿ ಹೇಳಲು ಬಂದಾಗ, “ನಾನು ಬಡವಿ ಕಣಪ್ಪ, ನನಗೆ ಬೆಳ್ಳೀನೇ ಸಾಕು” ಎಂದು ಅವರ ಬಾಯಿ ಮುಚ್ಚಿಸಿದವಳು. ಹುಟ್ಟಿದಾಗ ಇಟ್ಟ ಹೆಸರು ಏನೋ ಇದೆ. ಅದು ಅವಳ ಮಕ್ಕಳಿಗೇ ಸರಿಯಾಗಿ ನೆನಪಿಲ್ಲ.

ತಪ್ಪು ಅವಳದಲ್ಲ, ಅವಳ ಕಿವಿಯನ್ನು ಅರ್ಧ ಮಂದ ಮಾಡಿದ ಮಗ್ಗದ ಶೆಡ್ಡಿನದು. ಈಗ ಆ ಶೆಡ್ಡೂ ಇಲ್ಲ, ಮಿಲ್ಲೂ ಇಲ್ಲ. ಮಗ್ಗಗಳು ಗುಜರಿಗೆ ಹೋದವು, ಚಿಮಣಿ ಕೆಡವಿದರು, ನೇಯುವ ಜಾಗದಲ್ಲಿ ಸಿಮೆಂಟು ಮೂಟೆ ಪೇರಿಸುವ ಗೋದಾಮು ಎದ್ದಿದೆ. ಅದರ ಕಾವಲುಗಾರ ಇಲ್ಲಿ ತುಂಬ ಶಾಂತವಾಗಿದೆ ಎಂದು ಹೊಗಳುತ್ತಾನೆ. ಪಾಪ, ಅವನಿಗೇನು ಗೊತ್ತು!

ಮದುವೆಯಾದ ವರ್ಷವೇ ಜೋರಮ್ಮ ತನ್ನ ನಾದಿನಿಯ ಸೆರಗು ಹಿಡಿದು ಆ ಶೆಡ್ಡಿಗೆ ಕಾಲಿಟ್ಟಳು. ನೂರಾರು ಮಗ್ಗಗಳು, ಒಂದೊಂದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಗುಂಡು ಹೊಡೆದ ಹಾಗೆ ಹಾರುತ್ತಿತ್ತು. ನೆಲ ಅದುರುತ್ತಿತ್ತು, ನೆಲದ ಜೊತೆಗೆ ಹಲ್ಲೂ ಅದುರುತ್ತಿತ್ತು. ನೀರು ಎಲ್ಲಿದೆ ಎಂದು ನಾದಿನಿಯ ಕಿವಿಗೇ ಬಾಯಿಟ್ಟು ಕೂಗಿದಳು. ನಾದಿನಿ ನಕ್ಕು, ಮುಂದಿನ ಸಾಲಿನಲ್ಲಿದ್ದವಳ ಕಡೆ ಕೈ ತೋರಿಸಿದಳು. ಅವಳು ಸದ್ದೇ ಇಲ್ಲದೆ ತುಟಿಗಳನ್ನು ದೊಡ್ಡದಾಗಿ ಆಡಿಸುತ್ತಿದ್ದಳು. ಅವಳಿಂದಾಚೆ ಮೂರು ಸಾಲು ದೂರದಲ್ಲಿ ಇನ್ನೊಬ್ಬಳು ಅದನ್ನು ಓದಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಳು.

ಇದೇ ತುಟಿಮಾತು. ಶೆಡ್ಡಿನ ಸದ್ದಿನಲ್ಲಿ ದನಿಗೆ ಬೆಲೆಯಿರಲಿಲ್ಲ, ಮುಖಕ್ಕೆ ಬೆಲೆಯಿತ್ತು. ತುಟಿಗೆ ಸಿಕ್ಕದ್ದನ್ನು ಕೈ ಹೇಳುತ್ತಿತ್ತು. ಮೂಗು ಚಿವುಟಿಕೊಂಡರೆ ಅತ್ತೆ. ಮೀಸೆ ತಿರುವಿದರೆ ಗಂಡ, ಗಂಡನಿಗೆ ಮೀಸೆ ಇರಲಿ ಬಿಡಲಿ. ನೆತ್ತಿ ಸವರಿದರೆ ಬೋಳುತಲೆಯ ಮೇಸ್ತ್ರಿ ಬರುತ್ತಿದ್ದಾನೆ ಎಂದು ಎಚ್ಚರಿಕೆ. ಆದರೆ ಮೇಸ್ತ್ರಿಯೂ ಮಗ್ಗದ ಮುಂದೆ ನಿಂತೇ ಮೇಲೆ ಬಂದವನು. ಒಮ್ಮೆ ಎಲ್ಲರೂ ನೆತ್ತಿ ಸವರಿಕೊಳ್ಳುತ್ತಿದ್ದಾಗ ಅವನೂ ತನ್ನ ನೆತ್ತಿ ಸವರಿ, “ಬಂದಾಯ್ತು, ಕೆಲಸ ನೋಡ್ಕೊಳ್ಳಿ” ಎಂದು ತುಟಿಯಲ್ಲೇ ಹೇಳಿ ಹೋದ.

ನಾಲ್ಕು ಮಗ್ಗ ನೋಡಿಕೊಳ್ಳುವುದೆಂದರೆ ಹುಡುಗಾಟವಲ್ಲ. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಲಾಳಿಯೊಳಗಿನ ನೂಲು ಮುಗಿಯುವ ಮೊದಲೇ ನೂಲು ಸುತ್ತಿದ ಹೊಸ ಕಂಡಿಕೆ ತುಂಬಬೇಕು. ಕೈಯೂ ಕಾಲೂ ಕಣ್ಣೂ ಮಿಲ್ಲಿಗೆ ಮಾರಿಹೋಗಿದ್ದವು. ತುಟಿಯೊಂದು ಸ್ವಂತಕ್ಕೆ ಉಳಿದಿತ್ತು, ಅದನ್ನು ಇವರು ದುಡಿಸಿದ್ದೇ ದುಡಿಸಿದ್ದು. ಒಬ್ಬಳು ಬಸುರಿಯಾದ ಸುದ್ದಿ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ, ಅವಳಿಜವಳಿಯಾಗಿ ಮರಳಿ ಬರುತ್ತಿತ್ತು. ಸಂಜೆ ಹೊರಬಂದಾಗ ತಲೆಯ ಮೇಲೆ ಹತ್ತಿಯ ಧೂಳು ಕೂತು ಎಲ್ಲರೂ ಮುದುಕಿಯರಾಗಿರುತ್ತಿದ್ದರು. ತಲೆ ಕೊಡವಿಕೊಂಡು ಮತ್ತೆ ಹುಡುಗಿಯರಾಗಿ ಮನೆಗೆ ನಡೆಯುತ್ತಿದ್ದರು.

ಜೋರಮ್ಮನ ಎದುರು ಮಗ್ಗದವಳು ಗುಂಗುರಿ. ಎಷ್ಟು ಎಣ್ಣೆ ಹಚ್ಚಿದರೂ ಸುರುಳಿ ಬಿಡದ ಕೂದಲು, ಅದಕ್ಕೇ ಆ ಹೆಸರು. ಇಬ್ಬರೂ ಎದುರುಬದುರು ನಿಂತೇ ಪ್ರಾಯ ಕಳೆದರು, ಮಕ್ಕಳನ್ನು ಹೆತ್ತರು, ಅತ್ತೆಯರನ್ನು ಮನಸಾರೆ ಬೈದರು. ಗಂಡನಿಗೂ ಹೇಳದ್ದನ್ನು ಜೋರಮ್ಮ ಗುಂಗುರಿಗೆ ಹೇಳಿದ್ದಳು, ಅದೂ ನೂರಾರು ಜನರ ನಡುವೆ ನಿಂತು. ಮಿಲ್ಲು ಮುಚ್ಚಿದ ಮೇಲೆ ಗುಂಗುರಿ ಹೊಲಿಗೆ ಹಿಡಿದಳು, ಜೋರಮ್ಮ ತರಕಾರಿ ಗಾಡಿ ಹಿಡಿದಳು. ಆ ಗಂಟಲಿಗೆ ಅದಕ್ಕಿಂತ ಒಪ್ಪುವ ಕಸುಬು ಇನ್ನೊಂದಿರಲಿಲ್ಲ.

ಆದರೆ ತುಟಿಮಾತಿನಲ್ಲಿ ಒಂದು ಅಪಾಯವಿತ್ತು. ಸದ್ದಿಲ್ಲದ ಮಾತು ಗುಟ್ಟಿನ ಮಾತು ಎಂದು ಇವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಗುಂಗುರಿಯ ಮಗನಿಗೆ ಸಂಬಂಧ ಮಾತಾಡಲು ಹೆಣ್ಣಿನ ಕಡೆಯವರು ಬೇರೆ ಊರಿನಿಂದ ಬಂದಿದ್ದರು. ಹೆಂಗಸರು ಟೀ ಕುಡಿಯುತ್ತಿದ್ದಾಗ ಹುಡುಗಿಯ ಡೊಳ್ಳುಹೊಟ್ಟೆಯ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಕೋಣೆಯ ಆ ಬದಿಯಿಂದ ಜೋರಮ್ಮ ಗೆಳತಿಗೆ ತುಟಿಯಲ್ಲೇ ಹೇಳಿದಳು: “ಹೊಟ್ಟೆ ಬಂತು. ಬೀಗರು ಮುಂದಿನ ಬಸ್ಸಿಗೆ ಬರ್ತಾರಂತೆ.” ಗುಂಗುರಿ ನಗು ತಡೆಯಲಾರದೆ ಕೆಮ್ಮಿದಳು. ಹುಡುಗಿಯ ಅಮ್ಮ ಕೆಮ್ಮಲಿಲ್ಲ. ಆಕೆ ತನ್ನೂರಿನ ಮಿಲ್ಲಿನಲ್ಲಿ ಅರ್ಧ ಆಯಸ್ಸು ಮಗ್ಗ ನೋಡಿಕೊಂಡವಳು. ಟೀ ಲೋಟ ಕೆಳಗಿಟ್ಟು ಎದ್ದು, ಗಂಡನ ಕೈ ಹಿಡಿದು ಹೊರಟೇಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷವೇ ಗುಂಗುರಿಯ ಮಗನಿಗೆ ಬೇರೆ ಹುಡುಗಿ ಸಿಕ್ಕಿ ಮದುವೆಯಾಯಿತು, ಆದರೆ ಗುಂಗುರಿ ಜೋರಮ್ಮನ ಜೊತೆ ಮಾತು ಬಿಟ್ಟಳು. ಇಬ್ಬರ ಮನೆಗಳ ನಡುವೆ ನಾಲ್ಕು ಬಾಗಿಲು ಅಷ್ಟೆ. ಗುಂಗುರಿ ಅವಳನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದಳು. ಮಿಲ್ಲಿನವರ ಜಗಳ ಅಂದರೆ ಅದೇ: ಮುಖ ತಿರುಗಿಸಿದವರಿಗೆ ಏನು ಹೇಳಿದರೂ ತಲುಪುವುದಿಲ್ಲ. ವರ್ಷಗಳು ಹೀಗೇ ಉರುಳಿದವು. ಜೋರಮ್ಮ ಬೀದಿಗೆಲ್ಲ ಕೇಳುವಂತೆ ಮಾತಾಡಿದಳು, ಹೇಳಬೇಕಾದ ಒಬ್ಬಳಿಗೆ ಮಾತ್ರ ಹೇಳಲಾಗಲಿಲ್ಲ.

ಒಂದು ಮಧ್ಯಾಹ್ನ ಅವಳು ಗಾಡಿ ನಿಲ್ಲಿಸಿ ಕಾಲು ಚಾಚಿ ಕೂತಿದ್ದಾಗ ಗುಂಗುರಿಯ ಸೊಸೆ ಬಂದಳು.

“ದೊಡ್ಡಮ್ಮ, ನಮ್ಮನೆಗೆ ಬನ್ನಿ.”

“ನಾನಾ? ನಿಮ್ಮತ್ತೆಗೆ ನನ್ನ ಮುಖ ಕಂಡ್ರೆ ಆಗಲ್ಲ ಕಣಮ್ಮ.”

“ಈಗ ಅವರಿಗೆ ಯಾರ ಮುಖ ಕಂಡ್ರೂ ಆಗ್ತಿಲ್ಲ. ಗಂಟಲು ಆಪರೇಷನ್ ಆದ್ಮೇಲೆ ದನಿ ಹೋಯ್ತು, ಇನ್ನು ಬರಲ್ಲ ಅಂದ್ರು ಡಾಕ್ಟ್ರು. ಮೊದಮೊದಲು ಏನೋ ತುಟಿ ಆಡಿಸ್ತಿದ್ರು. ನಮಗ್ಯಾರಿಗೂ ತಿಳೀಲಿಲ್ಲ. ನೀರು ಕೇಳಿದ್ರೆ ಕಂಬಳಿ ಹೊದಿಸ್ದೆ. ಬರೆದು ತೋರಿಸಿ ಅಂದ್ರೆ ಅವರಿಗೆ ಬರೆಯೋಕೆ ಬರಲ್ಲ. ಸಿಟ್ಟು ಬಂದು ಈಗ ತುಟೀನೂ ಆಡಿಸ್ತಿಲ್ಲ. ಗೋಡೆ ನೋಡ್ಕೊಂಡು ಮಲಗಿರ್ತಾರೆ, ಊಟಾನೂ ಅಷ್ಟಕ್ಕಷ್ಟೆ.” ಅವಳ ಕಣ್ಣು ತುಂಬಿತು. “ಹೀಗೇ ಬಿಟ್ರೆ ನಮಗೆ ಉಳಿಯಲ್ಲ ದೊಡ್ಡಮ್ಮ. ಮಿಲ್ಲಲ್ಲಿ ನೀವಿಬ್ರೂ ಸದ್ದಿಲ್ದೆ ಮಾತಾಡ್ತಿದ್ರಂತಲ್ಲ?”

ಜೋರಮ್ಮನಿಗೆ, ಹೋದರೆ ಗುಂಗುರಿ ಮತ್ತೆ ಬೆನ್ನು ತಿರುಗಿಸುತ್ತಾಳೆ ಎಂಬ ಭಯ ಒಂದು ಕಡೆ. ಹೋಗದಿದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಚಪ್ಪಲಿ ಎಡಬಲ ನೋಡದೆ ಮೆಟ್ಟಿಕೊಂಡು ಸೊಸೆಗಿಂತ ಮುಂದೆ ಹೊರಟಳು.

ಕಿಟಕಿಯ ಪಕ್ಕದ ಮಂಚದಲ್ಲಿ ಗುಂಗುರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸುರುಳಿ ಕೂದಲೆಲ್ಲ ಬೆಳ್ಳಗಾಗಿತ್ತು, ಆದರೆ ಯಾರೋ ಚೆನ್ನಾಗಿ ಬಾಚಿ ಹೆಣೆದಿದ್ದರು. ಸ್ಟೂಲಿನ ಮೇಲೆ ಔಷಧಿ ಬಾಟಲಿ, ಮುಟ್ಟದ ಗಂಜಿಯ ಬಟ್ಟಲು. ಜೋರಮ್ಮ ಬಾಗಿಲಲ್ಲೇ ನಿಂತು ಶುರು ಮಾಡಿದಳು.

“ಲೇ ಗುಂಗುರಿ! ನಾನು ಕಣೆ! ತಪ್ಪಾಯ್ತು ಕಣೆ! ಅವತ್ತೇ ಹೇಳ್ಬೇಕಿತ್ತು, ನೀನು ಮುಖಾನೇ ಕೊಡ್ಲಿಲ್ಲ!”

ಪಕ್ಕದ ಮನೆಯ ಕಿಟಕಿ ತೆರೆಯಿತು, ಬೀದಿಯ ನಾಯಿ ಎದ್ದು ನಿಂತಿತು. ಗುಂಗುರಿ ಮಾತ್ರ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಜೋರಮ್ಮ ಬೇಡಿದಳು, ಬೈದಳು, ಹಳೆಯದನ್ನೆಲ್ಲ ನೆನಪಿಸಿದಳು. ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಸೋತು ಕುರ್ಚಿಯ ಮೇಲೆ ಕೂತಳು.

ಆಮೇಲೆ ಅವಳು ಜೀವನದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಸುಮ್ಮನಾದಳು.

ಮಂಚದ ಮೇಲಿನವಳಿಗೆ ಇದು ತಡೆಯಲಾಗಲಿಲ್ಲ. ಜೋರಮ್ಮ ಸುಮ್ಮನಿದ್ದಾಳೆ ಅಂದರೆ ಪ್ರಾಣ ಹೋಗಿರಬೇಕು, ಇಲ್ಲವೇ ಏನೋ ಕಿತಾಪತಿ ನಡೆಸಿರಬೇಕು. ಗುಂಗುರಿ ಒಂದೇ ಒಂದು ಕಣ್ಣಿನಷ್ಟು ಹೊರಳಿ ನೋಡಿದಳು.

ಕಿತಾಪತಿಯೇ ನಡೆದಿತ್ತು. ಜೋರಮ್ಮ ಮೂಗು ಚಿವುಟಿಕೊಂಡು ಸೊಸೆಯ ಜೊತೆ ತುಟಿಯಲ್ಲೇ ಹರಟುತ್ತಿದ್ದಳು. ಒಂದಕ್ಷರ ತಿಳಿಯದಿದ್ದರೂ ಆ ಜಾಣೆ ಹೌದೌದು ಎಂದು ತಲೆಯಾಡಿಸುತ್ತಿದ್ದಳು. “ನಿಮ್ಮತ್ತೆ ಮಾಡಿದ ಟೀ ಕುಡಿದೇ ಆ ಬೀಗರು ಓಡಿಹೋಗಿದ್ದು. ಕಲಗಚ್ಚು ಅಂದ್ರೆ ಕಲಗಚ್ಚು. ನನ್ನ ತಲೆ ಮೇಲೆ ಯಾಕೆ ಗೂಬೆ ಕೂರಿಸಿದ್ಲೋ!”

ಮಗ್ಗದವರ ಕಣ್ಣು ಆಡುವ ತುಟಿಯನ್ನು ಓದದೆ ಬಿಡುವುದುಂಟೆ? ಗುಂಗುರಿ ದಢಕ್ಕನೆ ಎದ್ದು ಕೂತಳು. ದಿಂಬು ಕೆಳಗೆ ಬಿತ್ತು. ಎಷ್ಟೋ ದಿನದಿಂದ ಬಿಗಿದಿದ್ದ ತುಟಿಗಳು ಒಮ್ಮೆಲೇ ಬಿಚ್ಚಿಕೊಂಡು ಆಡತೊಡಗಿದವು.

“ಏನಂತಾರೆ ದೊಡ್ಡಮ್ಮ? ಹೇಳಿ, ಏನಂತಾರೆ?” ಸೊಸೆ ಜೋರಮ್ಮನ ತೋಳು ಹಿಡಿದು ಅಲುಗಾಡಿಸಿದಳು.

“ಸುಳ್ಳಿ ಅಂತಾಳೆ! ನನ್ನನ್ನ!” ಜೋರಮ್ಮ ಆನಂದದಿಂದ ಕೂಗಿದಳು. “ಟೀಗೆ ಗಟ್ಟಿ ಹಾಲೇ ಹಾಕಿದ್ಲಂತೆ. ನನ್ನ ನಾಲಿಗೆಗೆ ಮೂಳೆ ಇಲ್ವಂತೆ. ನಾನು ಮುದುಕಿ ಆಗಿದೀನಂತೆ, ಬುದ್ಧಿ ಮಾತ್ರ ಬಂದಿಲ್ವಂತೆ. ಲೇ, ಒಂದೊಂದಾಗಿ ಬೈಯೇ, ನಾನೂ ಹೇಳ್ಬೇಕಲ್ಲ!”

ತನ್ನನ್ನು ಬೈದ ಒಂದೊಂದು ಬೈಗುಳವನ್ನೂ ತಾನೇ ಓಣಿಗೆಲ್ಲ ಕೇಳುವಂತೆ ಸಾರುವ ಯೋಗ ಯಾರಿಗುಂಟು ಯಾರಿಗಿಲ್ಲ! ಸೊಸೆ ಅಳುತ್ತ ನಗುತ್ತಿದ್ದಳು. ಜೋರಮ್ಮ ಬೈಸಿಕೊಂಡಷ್ಟೂ ಅರಳಿದಳು. ಬೈಗುಳ ಮುಗಿದ ಮೇಲೆ ಮನೆಯ ದೂರುಗಳು ಶುರುವಾದವು.

“ಗಂಜಿಗೆ ಉಪ್ಪಿಲ್ವಂತೆ. ಕಿಟಕಿ ತೆಗೆದಿಡ್ಬೇಕಂತೆ, ಬೀದಿ ನೋಡ್ಬೇಕಂತೆ. ಮಗುಗೆ ಹೇಳೋ ಹಾಗೆ ರಾಗ ಎಳೆದು ಮಾತಾಡಿಸ್ಬೇಡಿ ಅಂತಾಳೆ. ಹೋಗಿರೋದು ದನಿಯಂತೆ, ಬುದ್ಧಿ ಅಲ್ವಂತೆ.”

“ಅಯ್ಯೋ ಅತ್ತೆ!” ಸೊಸೆ ಹಣೆ ಚಚ್ಚಿಕೊಂಡಳು. ಉಪ್ಪಿನ ಡಬ್ಬಿ ತರಲು ಏಳುವಷ್ಟರಲ್ಲಿ ಗುಂಗುರಿ ಅವಳ ಕೈ ಹಿಡಿದು ಕೂರಿಸಿದಳು. ಜೋರಮ್ಮನ ಕಡೆ ಬೆರಳು ತೋರಿಸಿ, ಸೊಸೆಯ ಕಡೆ ತೋರಿಸಿ, ಇನ್ನೇನೋ ಹೇಳಿದಳು. ಚಿಕ್ಕ ಮಾತು.

ಜೋರಮ್ಮ ಅದನ್ನು ಓದಿದಳು. ಹೇಳಲು ಬಾಯಿ ತೆರೆದಳು. ದನಿ ಬರಲಿಲ್ಲ.

“ಏನಂದ್ರು?” ಸೊಸೆ ಕೇಳಿದಳು. “ಹೇಳಿ ದೊಡ್ಡಮ್ಮ.”

ಜೋರಮ್ಮ ಮತ್ತೆ ಬಾಯಿ ತೆರೆದಳು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗುಂಗುರಿಗೆ ತಾಳ್ಮೆ ಮೊದಲೇ ಇಲ್ಲ. ಇವಳನ್ನು ನಂಬಿ ಕೂತರೆ ಆಗದು ಎಂಬಂತೆ ಕೈ ಬೀಸಿ, ಸೊಸೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮಿಲ್ಲಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಕಲಿಸುವಾಗ ಹೇಳುತ್ತಿದ್ದ ಹಾಗೆ, ಒಂದೊಂದು ಮಾತಿಗೂ ತುಟಿ ಅಗಲಿಸಿ, ನಡುವೆ ನಿಲ್ಲಿಸಿ ಹೇಳಿದಳು.

ಸೊಸೆ ಉಸಿರು ಹಿಡಿದು ಆ ತುಟಿಗಳನ್ನೇ ನೋಡಿದಳು. ತನ್ನ ತುಟಿಯನ್ನೂ ಹಾಗೇ ಆಡಿಸಿ ನೋಡಿದಳು. ಆಮೇಲೆ ಮೆಲ್ಲಗೆ, ಒಂದೊಂದೇ ಮಾತು ಜೋಡಿಸಿ ಹೇಳಿದಳು:

“ಇವಳು... ಬಾಯಿ ಬಿಟ್ಟಿದ್ದಕ್ಕೇ... ನೀನು ನನಗೆ... ಸಿಕ್ಕಿದ್ದು.”

ಗುಂಗುರಿ ಹೌದೆಂದು ತಲೆಯಾಡಿಸಿದಳು.

“ಗೊತ್ತಾಯ್ತು ಅತ್ತೆ,” ಅಂದಳು ಸೊಸೆ.