ಬೂದಿ ಮೆತ್ತಿದ ಪೈಪು

ಪೈಪಿನಲ್ಲಿ ದೋಷವಿರಲಿಲ್ಲ, ಸೇದುವವರಿಗೆ ತಾಳ್ಮೆ ಇರಲಿಲ್ಲ. ಮುಂಬೈಯ ಮಾಟುಂಗಾ ಸ್ಟೇಷನ್ನಿನ ಹೊರಗೆ, ನಾನು ಭುಟ್ಟಾ, ಅಂದರೆ ಮೆಕ್ಕೆಜೋಳದ ತೆನೆ, ಸುಡುವ ಸಿಗಡಿ ಒಲೆಯ ಪಕ್ಕ ಗಿರಾಕಿ ಮುದುಕ ಶೆಟ್ಟರು ಕುಳಿತು ಅದನ್ನು ತೋರಿಸಿದಾಗ ನನಗೆ ನಗು ಬಂತು. ನಾನು ದಿನವೂ ಗುಡಿಸಿ ಎಸೆಯುವ ಮೆಕ್ಕೆಜೋಳದ ದಿಂಡನ್ನೇ ಯಾರೋ ಕೊರೆದು, ಕೊಳವೆ ಸಿಕ್ಕಿಸಿ ಪೈಪು ಮಾಡಿದ್ದರು. ಅದರ ತಳ ಸುಟ್ಟು ತೂತಾಗಿತ್ತು.

"ತೀರಿಹೋದ ಹೆಂಡತಿ ತಂದು ಕೊಟ್ಟದ್ದು ಮಾರಾಯ್ತಿ. ಇನ್ನು ಬಿಸಾಡುವುದೇ," ಎಂದರು.

"ಬಿಸಾಡಬ್ಯಾಡ್ರಿ. ಜೋರ್ ಎಳೆದ್ರ ತಳ ಸುಡತೈತಿ, ಹೊಗಿ ಮೆಲ್ಲಕ ಎಳೀರಿ, ಲೋಕಲ್ ಹಿಡಿಯೋ ಅವಸರ ಏನೈತಿ?" ಎಂದೆ.

ಸಿಗಡಿ ಬಿರುಕು ಬಿಟ್ಟರೆ ನಾನು ಬೂದಿ ಕಲಸಿ ಮೆತ್ತುತ್ತೇನೆ. ಪೈಪಿನ ಒಳಗೂ ನುಣ್ಣನೆಯ ಬೂದಿಯನ್ನು ಹಾಗೆಯೇ ಮೆತ್ತಿಕೊಟ್ಟೆ. ಎರಡು ದಿನ ಒಣಗಿಸಿ, ಯಾವತ್ತೂ ನೀರಲ್ಲಿ ತೊಳೆಯಬೇಡಿ, ಒಣಬಟ್ಟೆಯಲ್ಲಿ ಒರೆಸಿ ಎಂದು ಹೇಳಿ ಕಳಿಸಿದೆ.

ಮೂರನೆಯ ಸಂಜೆ ಶೆಟ್ಟರು ಹೊಗೆ ಬಿಡುತ್ತಲೇ ಬಂದರು. ಮೆತ್ತಿದ್ದು ಬಿಟ್ಟಿರಲಿಲ್ಲ. "ಈ ಅಜ್ಜಿಯೇ ನೋಡಿ, ನನ್ನ ಪೈಪಿನ ಮೇಸ್ತ್ರಿ," ಎಂದು ಜೊತೆಗೆ ಬಂದಿದ್ದ ಗೆಳೆಯರಿಗೆ ತೋರಿಸಿದರು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನ್ನನ್ನು ಅದುವರೆಗೆ ಯಾರೂ ಮೇಸ್ತ್ರಿ ಎಂದಿರಲಿಲ್ಲ. ಪಕ್ಕದಲ್ಲಿದ್ದ ನನ್ನ ಮೊಮ್ಮಗಳೂ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಪೈಪಿಗಾಗುವಂಥ ಎರಡು ದಪ್ಪ ದಿಂಡುಗಳನ್ನು ಆರಿಸಿ, ಮನೆಯ ತಗಡಿನ ಚಾವಣಿಯ ಮೇಲೆ ಒಣಗಲು ಇಟ್ಟೆ.