ದೇವೀರಿಯ ಗುಂಗುರು ಕೂದಲು

ಆಗಿನ್ನೂ ನಮ್ಮೂರಿಗೆ ನಾಲೆ ನೀರು ಬಂದು ಎರಡು ವರ್ಷವಾಗಿತ್ತಷ್ಟೆ. ಹುರುಳಿ, ರಾಗಿ ಬಿಟ್ಟರೆ ಬೇರೇನೂ ಕಾಣದ ಹೊಲಗಳಲ್ಲಿ ಕಬ್ಬು ಎದ್ದು ನಿಂತಿತ್ತು. ದೊಡ್ಡವರು ಆ ನೀರನ್ನು ನೋಡಿ ಕೈಮುಗಿದರೆ, ಕೆರಗೋಡಿನ ಪಕ್ಕದ ನಮ್ಮ ಹಳ್ಳಿಯ ಮಕ್ಕಳಾದ ನಾವು ಲಂಗ ಎತ್ತಿ ಕಟ್ಟಿಕೊಂಡು ಅದಕ್ಕೆ ಧುಮುಕುತ್ತಿದ್ದೆವು. ಈಜು ಬಾರದವರ ಕಂಕುಳಿಗೆ ಬಾಳೆದಿಂಡು. ನಾನು ಬಾಳೆದಿಂಡಿನವಳು. ದೇವೀರಿ ಬಂದ ನಾಲ್ಕೇ ದಿನಕ್ಕೆ ದಿಂಡನ್ನು ಎಸೆದವಳು.

ದೇವೀರಿ ನನ್ನ ಅತ್ತೆಯ ಮಗಳು. ಮಳವಳ್ಳಿ ಕಡೆಗೆ ಕೊಟ್ಟಿದ್ದ ಅತ್ತೆ, ಅಂದರೆ ಅಪ್ಪನ ಒಬ್ಬಳೇ ತಂಗಿ, ಆ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ದೀಪಾವಳಿ ಕಳೆದ ಮೇಲೆ ಮಾವ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ನಮ್ಮಜ್ಜಿಯ ಮಡಿಲಿಗೆ ಬಿಟ್ಟು ಹೋದ. ಅವಳಿಗೂ ನನಗೂ ಒಂಬತ್ತೇ ವರ್ಷ. ಮೈ ಒಣಕಲು, ಮೊಣಕಾಲ ತುಂಬ ಗಾಯ, ಆದರೆ ತಲೆ ತುಂಬ ಕೂದಲು. ಅಂಥ ಕೂದಲನ್ನು ನಾನು ನೋಡಿರಲಿಲ್ಲ. ಒಂದೊಂದು ಎಳೆಯೂ ಕುಂಬಳದ ಕುಡಿಯ ಹಾಗೆ ಸುತ್ತಿಕೊಂಡಿತ್ತು. ಅಜ್ಜಿ ಅದರೊಳಗೆ ಬೆರಳಿಟ್ಟು, "ನನ್ನ ಮಗಳ ತಲೆನೇ ಕಣವ್ವ ಇದು" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅಜ್ಜಿ ನನ್ನ ಕಡೆ ನೋಡಲಿಲ್ಲ.

ಅಲ್ಲಿಂದ ನನ್ನ ಹೊಟ್ಟೆಕಿಚ್ಚು ಶುರುವಾಯಿತು.

ದೇವೀರಿ ಕಾಲು ನಿಂತಲ್ಲಿ ನಿಲ್ಲದ ಹುಡುಗಿ. ಹುಣಸೆಮರ ಹತ್ತುತ್ತಿದ್ದಳು, ಹುಲ್ಲಿನ ಮೆದೆಯಿಂದ ಜಾರುತ್ತಿದ್ದಳು, ಗಂಡುಹುಡುಗರ ಚೆಡುಗುಡು ಆಟಕ್ಕೆ ನುಗ್ಗುತ್ತಿದ್ದಳು. ಸಂಜೆ ಹೊತ್ತಿಗೆ ಅವಳ ತಲೆ ಹಕ್ಕಿಗೂಡು. ಅದರಲ್ಲಿ ಹುಲ್ಲುಕಡ್ಡಿ, ಹುಣಸೆ ಎಲೆ, ನಾಲೆಯ ಕೆಂಪು ಗೋಡುಮಣ್ಣು. ಅಜ್ಜಿ ಬಯ್ಯುತ್ತಲೇ ಇರಲಿಲ್ಲ. ಬಾವಿ ನೀರು ಕಾಯಿಸಿ ಗೋಡು ಹೋಗುವ ತನಕ ಹುಯ್ಯುತ್ತಿದ್ದಳು. ದಾಸವಾಳದ ಎಲೆ ಕಿವುಚಿ, ಆ ಹಸಿರು ಲೋಳೆಯನ್ನು ಬುಡದಿಂದ ತುದಿಯವರೆಗೆ ಹಚ್ಚುತ್ತಿದ್ದಳು. ವಾರಕ್ಕೊಂದು ದಿನ ಮಾತ್ರ ಸೀಗೆ. "ದಿನಾ ಸೀಗೆ ಆಕುದ್ರೆ ಇಂಥ ಕೂದ್ಲು ತೆಂಗಿನ ನಾರಾಗೋಯ್ತದೆ" ಎನ್ನುತ್ತಿದ್ದಳು. ನೀರು ಪೂರ್ತಿ ಆರುವ ಮೊದಲೇ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಜಗುಲಿಯಲ್ಲಿ ಅವಳನ್ನು ಎರಡು ಮಂಡಿಗಳ ನಡುವೆ ಕೂರಿಸಿಕೊಂಡು, ಬಾಚಣಿಗೆ ಇಲ್ಲದೆ ಬರೀ ಬೆರಳಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುತ್ತಾ ಬರುತ್ತಿದ್ದಳು. ಅಷ್ಟು ಹೊತ್ತೂ ದೇವೀರಿ ಅಲುಗದಿರಲಿ ಎಂದು ಅವಳ ಮಡಿಲಿಗೆ ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ. ಬಾಯಲ್ಲಿ ಕತೆ. ಅವಳಮ್ಮ ಚಿಕ್ಕವಳಿದ್ದಾಗ ಹೀಗೆ ಮಾಡಿದಳು, ಹಾಗೆ ಮಾಡಿದಳು ಎಂಬ ಮುಗಿಯದ ಕತೆಗಳು.

ನನ್ನ ಕೂದಲೋ, ನೆಟ್ಟಗೆ ನೀರು ಇಳಿದ ಹಾಗೆ ಇಳಿಯುತ್ತಿತ್ತು. ಅಜ್ಜಿ ನಾಲ್ಕು ಸಲ ಬಾಚಣಿಗೆ ಎಳೆದು, ಜಡೆ ಹೆಣೆದು, ಬೆನ್ನು ತಟ್ಟಿ, "ನಿಂದೇನವ್ವ, ರೇಸ್ಮೆ. ಓಗು, ಆಡ್ಕೋ ಓಗು" ಎನ್ನುತ್ತಿದ್ದಳು. ಅವಳು ಹೊಗಳುತ್ತಿದ್ದಳು, ನನಗೆ ಅದು ಎಬ್ಬಿಸಿ ಕಳಿಸಿದಂತೆ ಕೇಳುತ್ತಿತ್ತು. ಒಂದು ದಿನ ಹಟ್ಟಿಯ ಹಿಂದೆ ಹೋಗಿ ಒಣಹುಲ್ಲಿಗೆ ತಲೆ ಉಜ್ಜಿಕೊಂಡೆ. ಎರಡು ಕೈಯಲ್ಲೂ ಕೂದಲು ಕೆದರಿ ಗಂಟು ಹಾಕಿಕೊಂಡು ಹೋಗಿ ಅಜ್ಜಿಯ ಮುಂದೆ ಕೂತೆ. ಬಾಚಣಿಗೆ ಇಟ್ಟದ್ದೇ ತಡ, ಎಲ್ಲವೂ ಬಿಚ್ಚಿಕೊಂಡಿತು. "ಎದ್ದೇಳು ಮಗ, ದೇವೀರಿ ಬತ್ತಾವ್ಳೆ" ಎಂದಳು.

ಅವ್ವನ ಹತ್ತಿರ ಹೋಗಿ ಅತ್ತುಬಿಟ್ಟೆ. ಅವ್ವ ಮುದ್ದೆ ತೊಳಸುತ್ತಿದ್ದಳು. "ತಾಯಿಲ್ಲದ ಮಗ ಕಣೆ ಅದು. ಅದುರ ಮ್ಯಾಲೆ ಒಟ್ಟೆಕಿಚ್ಚು ಪಡ್ತೀಯಲ್ಲ, ನಾಚ್ಕೆ ಆಗಕಿಲ್ವ?" ಎಂದು ಗದರಿದಳು. ನಾಚಿಕೆ ಆಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ, ಒಳಗೆ ಇಳಿದು ಕೂತಿತು.

ಸಂಕ್ರಾಂತಿಗೆ ಇನ್ನು ಹದಿನೈದು ದಿನ ಇರಬೇಕು. ಮಧ್ಯಾಹ್ನ ಈಜು ಮುಗಿಸಿ ಉಳಿದ ಮಕ್ಕಳು ಮನೆಗೆ ಹೋಗಿದ್ದರು. ದೇವೀರಿ ಏರಿಯ ಮೇಲೆ ಹೊಂಗೆ ಮರದ ಬುಡದಲ್ಲಿ, ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು, ಕೂದಲು ಹರಡಿಕೊಂಡು ಮಲಗಿದ್ದಳು. ಅಜ್ಜಿ ಬೆಳಿಗ್ಗೆ ಹೆಣೆದಿದ್ದ ಎರಡು ಜಡೆಗಳನ್ನು ನೀರಿಗಿಳಿಯುವಾಗಲೇ ಬಿಚ್ಚಿಹಾಕಿದ್ದಳು. ಬದುವಿನ ತುಂಬ ಲಂಗಕ್ಕೆ ಅಂಟಿಕೊಳ್ಳುವ ಆ ಸಣ್ಣ ಮುಳ್ಳುಕಾಯಿಗಳು ಒಣಗಿ ನಿಂತಿದ್ದವು. ನಾನು ಒಂದು ಕಾಯಿ ಕಿತ್ತು ಅವಳ ಕೂದಲ ಮೇಲಿಟ್ಟೆ. ಅದು ಕಚ್ಚಿಕೊಂಡಿತು. ಇನ್ನೊಂದು ಇಟ್ಟೆ. ಆಮೇಲೆ ಮಡಿಲು ತುಂಬ ಕಿತ್ತು ತಂದು, ಬುಡದವರೆಗೆ ಬೆರಳು ತೂರಿಸಿ, ಒಂದೊಂದನ್ನೂ ಒತ್ತಿ ಒತ್ತಿ ಹೊಸಕಿದೆ. ಅವಳು ಅಲುಗಲಿಲ್ಲ. ಕೈ ಉರಿಯುತ್ತಿತ್ತು. ಮಾಡುತ್ತಿರುವುದೇನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜಿ ಎರಡು ದಿನ ಕೂತಳು. ಹರಳೆಣ್ಣೆ ಸುರಿದಳು, ದಾಸವಾಳದ ಲೋಳೆ ಸುರಿದಳು. ಒಂದು ಮುಳ್ಳು ಬಿಡಿಸಿದರೆ ಅದು ಮುರಿದು ನಾಲ್ಕಾಗುತ್ತಿತ್ತು. ಅಜ್ಜಿಯ ಬೆರಳ ತುದಿಯಲ್ಲಿ ರಕ್ತ ಒಸರುತ್ತಿತ್ತು. "ಎಲ್ಲಿ ಬಿದ್ದು ಒಳ್ಳಾಡ್ದೆ ನನ್ ಮಗ?" ಎಂದು ಕೇಳಿದರೆ ದೇವೀರಿ, "ಏರಿ ಮ್ಯಾಲೆ" ಎಂದಷ್ಟೇ ಹೇಳಿದಳು. ಮೂರನೇ ದಿನ ಅಪ್ಪ ನೋಡಲಾರದೆ, "ಕತ್ತರಿಸ್ಬುಡವ್ವ, ಬೆಳೀತದೆ" ಎಂದ. ಅಜ್ಜಿ ಕತ್ತರಿ ತಂದಿಟ್ಟುಕೊಂಡೂ ಇನ್ನೆರಡು ಮುಳ್ಳು ಬಿಡಿಸಿ ನೋಡಿದಳು. ಕೊನೆಗೆ ಕಿವಿಯ ಮಟ್ಟಕ್ಕೆ, ಅಲ್ಲಲ್ಲಿ ಬುಡದ ಮಟ್ಟಕ್ಕೆ, ಕತ್ತರಿಸಿ ಮುಗಿಸಿದಳು. ಉದುರಿದ್ದನ್ನೆಲ್ಲ ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಒಳಗಿಟ್ಟಳು.

ಮಾರನೆಯ ದಿನವೇ ದೇವೀರಿ ನಾಲೆಗೆ ಬಂದಳು. ತಲೆ ಮುಂದಾಗಿ ಧುಮುಕಿ, ಆಚೆ ದಡದ ಹತ್ತಿರ ಎದ್ದು, ತಲೆ ಕೊಡವಿ ನಕ್ಕಳು. "ನೋಡೇ ಪುಟ್ತಾಯಿ, ತಲೆ ಎಷ್ಟು ಅಗುರ!" ನನಗೆ ಆ ನಗುವಿನ ಮೇಲೂ ಕಿಚ್ಚಾಯಿತು. ಇಷ್ಟು ಮಾಡಿದರೂ ಇವಳಿಗೆ ಏನೂ ಕಡಿಮೆಯಾಗಲಿಲ್ಲವಲ್ಲ ಎಂದು.

ಅವಳು ಈಜಿ ಬಂದು ನನ್ನ ಪಕ್ಕದಲ್ಲಿ ಕೂತಳು. ಕಾಲಲ್ಲಿ ನೀರು ಬಡಿಯುತ್ತಾ, "ಅವತ್ತು ನಂಗೆ ನಿದ್ದೆ ಬಂದಿರ್ನಿಲ್ಲ ಕಣೆ" ಎಂದಳು.

ನಾನು ಕಾಲನ್ನು ನೀರಿನಿಂದ ಮೇಲೆಳೆದುಕೊಂಡೆ. "ಮತ್ಯಾಕೆ ಸುಮ್ಕೆ ಮಲ್ಗಿದ್ದೆ?"

"ನೀನು ತಲೆ ನ್ಯಾವರುಸ್ತಾ ಇದ್ದೀಯ ಅಂದ್ಕೊಂಡೆ."

"ಅಜ್ಜಿಗೆ ಯೋಳ್ತೀಯ?"

"ಯೋಳಕಿಲ್ಲ. ಅಜ್ಜಿ ಒಡೀತದೆ ನಿಂಗೆ. ಆಮ್ಯಾಕೆ ನಿಮ್ಮವ್ವ ಬೇಜಾರು ಮಾಡ್ಕಂಡು ನನ್ನ ಊರಿಗೆ ಕಳಿಸ್ಬುಟ್ರೆ?"

ಅಜ್ಜಿ ಹೊಡೆಯುತ್ತಾಳೆ ಎಂಬುದು ಅವಳ ಊಹೆ, ಅಜ್ಜಿ ಯಾರ ಮೇಲೂ ಕೈ ಎತ್ತಿದವಳಲ್ಲ. ಊರಿಗೆ ಕಳಿಸಿಬಿಟ್ಟಾರು ಎಂಬ ಭಯ ಮಾತ್ರ ನಿಜವಾಯಿತು. ಸಂಕ್ರಾಂತಿಗೆ ಬಂದ ಮಾವ ಗಾಡಿಯಿಂದ ಇಳಿದವನು ಮಗಳ ತಲೆ ನೋಡಿ ಅಲ್ಲೇ ನಿಂತ. ಪ್ರತಿಸಲ ಬಂದಾಗಲೂ ಅವನು ಮೊದಲು ಮಾಡುತ್ತಿದ್ದದ್ದು ಆ ಕೂದಲಿಗೆ ಮುಖವಿಟ್ಟು ಮೂಸುವುದು. ಈ ಸಲ ಅಂಗೈಯನ್ನು ಅವಳ ತಲೆಯ ಮೇಲಿಟ್ಟು ಹಾಗೇ ಹಿಂದಕ್ಕೆ ತೆಗೆದುಕೊಂಡ. ಅಜ್ಜಿ ಕೂದಲ ಗಂಟು ತಂದು ಅವನ ಕೈಗಿತ್ತು, "ನನ್ನಿಂದ ಕಾಪಾಡಕ್ಕಾಗ್ನಿಲ್ಲ ಕಣಪ್ಪ" ಎಂದಳು. ಮಾವ ಯಾರನ್ನೂ ಬಯ್ಯಲಿಲ್ಲ. "ನಿಮಗೂ ವಯಸ್ಸಾಯ್ತು ಅತ್ತೆ. ಕರ್ಕೊಂಡೋಯ್ತೀನಿ" ಎಂದ. ಹಬ್ಬದ ಮಾರನೆಯ ದಿನ ಗಾಡಿ ಹೊರಟಿತು. ದೇವೀರಿ ಹಿಂದೆ ಕೂತು, ಗಾಡಿಯ ಗೂಟ ಹಿಡಿದುಕೊಂಡು, ಕಾಣುವವರೆಗೂ ನನ್ನನ್ನೇ ನೋಡುತ್ತಿದ್ದಳು. ನಾನು ನಿಜ ಹೇಳಬಹುದಿತ್ತು. ಆಗಲೂ ಹೇಳಲಿಲ್ಲ.

ಆ ಸಂಜೆ ಅಜ್ಜಿ ಜಗುಲಿಯಿಂದ ನನ್ನನ್ನು ಕರೆದಳು. "ಬಾ ಮಗ, ತಲೆ ಬಾಚ್ತೀನಿ." ಮಂಡಿಗಳ ನಡುವೆ ಕೂರಿಸಿಕೊಂಡಳು, ಅವರೆಕಾಯಿ ಕೊಟ್ಟಳು. ನಾಲ್ಕು ಸಲಕ್ಕೆ ಮುಗಿಯುತ್ತಿದ್ದ ಕೂದಲನ್ನು ಕತ್ತಲಾಗುವ ತನಕ ಬಾಚಿದಳು. ಕತೆ ಹೇಳಲಿಲ್ಲ. ಅವಳ ಬೆರಳು ನನ್ನ ತಲೆಯಲ್ಲಿ ಇಲ್ಲದ ಸಿಕ್ಕನ್ನು ಹುಡುಕುತ್ತಿತ್ತು. ನನಗೆ ಬೇಕಾಗಿದ್ದದ್ದೆಲ್ಲ ಸಿಕ್ಕಿತ್ತು. ಅವರೆಕಾಯಿ ಮಡಿಲಲ್ಲೇ ಉಳಿಯಿತು.

ದೇವೀರಿಯ ಕೂದಲು ಮತ್ತೆ ಬೆಳೆಯಿತಂತೆ. ಆಮೇಲೆ ಅವಳು ನಮ್ಮ ಮನೆಗೆ ಹಬ್ಬಕ್ಕೆ ಬಂದು ಹೋಗುವ ನೆಂಟಳಾದಳು, ಸೀರೆ ಉಡುವಂತಾದ ಮೇಲೆ ಬಂದಾಗಲೆಲ್ಲ ತಲೆಯ ತುಂಬ ಸೆರಗು. ಮದ್ದೂರಿನ ಕಡೆಗೆ ಮದುವೆಯಾಯಿತು. ಮದುವೆಯ ದಿನ ನಾನೇ ಜಡೆ ಹೆಣೆಯುತ್ತೇನೆಂದು ಎಣ್ಣೆ ಹಿಡಿದು ಹೋದರೆ, ಅವಳ ಅತ್ತೆಮನೆಯ ಹೆಂಗಸರು ಆಗಲೇ ಹೆಣೆದು ಮುಗಿಸಿ ಹೂವು ಮುಡಿಸುತ್ತಿದ್ದರು. ಬಾಗಿಲಲ್ಲೇ ನಿಂತು ನೋಡಿದೆ. ಅಂದೂ ಹೊಟ್ಟೆ ಉರಿಯಿತು ಎಂದರೆ ನೀವು ನಂಬಬೇಕು. ಎರಡನೇ ಹೆರಿಗೆಯಲ್ಲಿ ಅವಳೂ ತೀರಿಹೋದಳು.

ಅಜ್ಜಿ ಅವಳಿಗಿಂತ ಹೆಚ್ಚು ದಿನ ಬದುಕಿದ್ದಳು. ಕಣ್ಣು ಮಂಜಾದ ಮೇಲೂ, "ಅವತ್ತು ನಾನು ಇನ್ನೊಂದೀಟು ಬಿಗಿಯಾಗಿ ಜಡೆ ಎಣ್ದು ಕಳಿಸಿದ್ರೆ ಆ ಮುಳ್ಳು ಎಲ್ಲಿ ಅಂಟ್ತಿತ್ತು, ಮಗ ನನ್ ಅತ್ರನೇ ಇರ್ತಿತ್ತು" ಎಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ನಾನು ಅವಳ ಕಾಲು ಒತ್ತುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಅಜ್ಜಿ ಆ ತಪ್ಪನ್ನು ತನ್ನದೆಂದುಕೊಂಡೇ ಹೋದಳು.

ಈಗ ನಾಲೆಯ ಏರಿಯ ಮೇಲೆ ಹೊಂಗೆ ಮರಗಳಿಲ್ಲ, ಹೆಣ್ಣುಮಕ್ಕಳು ಅಲ್ಲಿ ಈಜುವುದೂ ಇಲ್ಲ. ಸಂಜೆಯ ಪೂರ್ತಿ ಒಂದು ತಲೆಗೆ ಕೊಡುವಷ್ಟು ಹೊತ್ತು ಯಾವ ಮನೆಯಲ್ಲೂ ಇಲ್ಲ. ಅದೆಲ್ಲ ಹೋದದ್ದಕ್ಕೆ ನಾನು ಅಷ್ಟು ಮರುಗುವುದಿಲ್ಲ. ತಲೆಗೆ ಮುಳ್ಳು ಹೊಸಕುವ ಕೈಯನ್ನೂ ನೇವರಿಸುವ ಕೈ ಎಂದುಕೊಂಡು ಕಣ್ಣು ಮುಚ್ಚಿ ಮಲಗಿದ್ದಳಲ್ಲ ಅವಳು, ಅಂಥ ನಂಬಿಕೆ ನನಗೆ ಒಂಬತ್ತನೇ ವರ್ಷದಲ್ಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಈ ವಯಸ್ಸಿನಲ್ಲಿ ಅವಳ ಮೇಲೆ ನನಗೆ ಉಳಿದಿರುವ ಹೊಟ್ಟೆಕಿಚ್ಚು ಅದೊಂದೇ.